ಅಳತೆ ರವಿಕೆ

ನಮ್ಮ ಕಡೆಯ ಹೆಂಗಸರಿಗೆ ತಮ್ಮ ಬೀರುವಿನಲ್ಲಿರುವ ಸೀರೆಗಳ ಲೆಕ್ಕ ಗೊತ್ತು. ಒಂದೊಂದರ ಬೆಲೆ ಗೊತ್ತು. ಯಾವ ಸೀರೆ ಯಾರ ಮದುವೆಯಲ್ಲಿ ಬಂದದ್ದೆಂಬುದೂ ಗೊತ್ತು. ಆದರೆ ತಮ್ಮ ಭುಜದ ಅಗಲ ಎಷ್ಟೆಂದು ಕೇಳಿ ನೋಡಿ, ಥಟ್ಟನೆ ಉತ್ತರ ಹೇಳಬಲ್ಲವರು ವಿರಳ. ಹೇಳಬೇಕಾದ ಅಗತ್ಯವೂ ಅವರಿಗೆ ಬಿದ್ದಿರುವುದಿಲ್ಲ. ಆ ಲೆಕ್ಕವನ್ನೆಲ್ಲ ಅವರ ಪರವಾಗಿ ಅಳತೆ ರವಿಕೆಯೊಂದು ಇಟ್ಟುಕೊಂಡಿರುತ್ತದೆ.

ಎಂದೋ ಒಮ್ಮೆ ದೈವಯೋಗದಿಂದ ಮೈಗೆ ಸರಿಯಾಗಿ ಕುಳಿತ ರವಿಕೆ ಅದು. ಬಣ್ಣ ಮಾಸಿರುತ್ತದೆ, ಕೊಕ್ಕೆಗಳಿಗೆ ತುಕ್ಕು ಹಿಡಿದಿರುತ್ತದೆ, ಉಡುವುದಕ್ಕೆ ಬಾರದಂತಾಗಿರುತ್ತದೆ. ಆದರೂ ಅದರ ಗೌರವಕ್ಕೆ ಕುಂದಿಲ್ಲ. ಹೊಸ ಬಟ್ಟೆಯನ್ನು ಹೊಲಿಯಲು ಕೊಡುವಾಗಲೆಲ್ಲ ಅದೂ ಜೊತೆಯಲ್ಲಿ ದರ್ಜಿಯ ಅಂಗಡಿಗೆ ಹೋಗಿ ಬರುತ್ತದೆ. “ಇದರ ಹಾಗೇ ಇರಲಿ, ತೋಳು ಮಾತ್ರ ಅರ್ಧ ಇಂಚು ಉದ್ದ ಮಾಡಿ” ಎಂದು ಹೇಳಿ ಬಂದರೆ ಮುಗಿಯಿತು. ಪರಪುರುಷನೊಬ್ಬ ಟೇಪು ಹಿಡಿದು ಮೈಯಳತೆ ತೆಗೆಯಬೇಕಾಗಿಲ್ಲ. ಅಂಗಡಿಯಲ್ಲಿ ನಿಂತವರ ಮುಂದೆ ಅಂಕಿಗಳನ್ನು ಗಟ್ಟಿಯಾಗಿ ಕೂಗಿ ಹೇಳಿಸಿಕೊಳ್ಳಬೇಕಾಗಿಲ್ಲ. ಸಂಕೋಚದ ಹೆಂಗಸರಿಗೆ ಇದಕ್ಕಿಂತ ಅನುಕೂಲವಾದ ಏರ್ಪಾಡು ಇನ್ನೊಂದಿಲ್ಲ.

ಇದರಲ್ಲಿ ತೊಡಕೊಂದುಂಟು. ಅಳತೆ ರವಿಕೆ ತನ್ನನ್ನು ಹೊಲಿದ ದಿನದ ಮೈಯನ್ನು ನೆನಪಿಟ್ಟುಕೊಂಡಿರುತ್ತದೆ. ಆಮೇಲೆ ಮೈ ಎಷ್ಟು ಬದಲಾದರೂ ಅದಕ್ಕೆ ತಿಳಿಯದು. ತಾನೇಕೆ ಸರಿಯಾಗಿ ಕುಳಿತಿದ್ದೇನೆಂಬುದನ್ನೂ ಅದು ಬಾಯಿಬಿಟ್ಟು ಹೇಳಲಾರದು. ಸ್ವಲ್ಪ ದಪ್ಪಗಾದರೆ ಪಕ್ಕದ ಹೊಲಿಗೆ ಬಿಚ್ಚಬಹುದು, ಸಣ್ಣಗಾದರೆ ಹಿಡಿಯಬಹುದು. ಅದಕ್ಕಿಂತ ದೊಡ್ಡ ಬದಲಾವಣೆ ಬಂದಾಗ ಅದರ ಕೈಯಲ್ಲಿ ಏನೂ ಆಗದು.

ನಮ್ಮ ಅತ್ತಿಗೆಯವರು ಅಣ್ಣನ ಕೈಹಿಡಿದು ಮೈಸೂರಿನ ನಮ್ಮ ಮನೆಗೆ ಬಂದಾಗ ನನಗೆ ಹನ್ನೊಂದು ವರ್ಷ. ತಾಯಿಯಿಲ್ಲದ ಮನೆ. ನಾನು ಎತ್ತರವಾದಂತೆ ಲಂಗದ ಅಂಚು ಬಿಚ್ಚಿ ಇಳಿಸಿಕೊಟ್ಟವರು, ಶಾಲೆಯ ಅಂಗಿಗೆ ಗುಂಡಿ ಹಾಕಿಕೊಟ್ಟವರು, ಮೊದಲ ಸೀರೆ ಉಡಿಸಿದವರು, ಎಲ್ಲರೂ ಅವರೇ. 2019ರಲ್ಲಿ ಅವರಿಗೆ ಬಲ ಸ್ತನದಲ್ಲಿ ಕ್ಯಾನ್ಸರ್ ಇರುವುದು ತಿಳಿಯಿತು. ಭಾರತದ ಹೆಂಗಸರಲ್ಲಿ ಇಂದು ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಇದೇ. ಶಸ್ತ್ರಚಿಕಿತ್ಸೆಯಾಯಿತು, ಆ ಭಾಗವನ್ನು ಪೂರ್ತಿಯಾಗಿ ತೆಗೆದರು, ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ಔಷಧೋಪಚಾರ ತಿಂಗಳುಗಟ್ಟಲೆ ನಡೆಯಿತು. ಅತ್ತಿಗೆ ಉಳಿದುಕೊಂಡರು. ಮನೆಯವರೆಲ್ಲ ದೇವರ ಮುಂದೆ ದೀಪ ಹಚ್ಚಿದೆವು.

ಜೀವ ಉಳಿದದ್ದೇ ದೊಡ್ಡದಾಗಿರುವಾಗ ರವಿಕೆಯ ಮಾತೇಕೆ ಎಂದು ಕೇಳುವವರುಂಟು. ಬೆಳಗೆದ್ದು ರವಿಕೆ ತೊಡಬೇಕಾದವರು ಹಾಗೆ ಕೇಳುವುದಿಲ್ಲ. ದರ್ಜಿ ಎಂದಿನ ಅಳತೆ ರವಿಕೆಯಂತೆಯೇ ನಿಷ್ಠೆಯಿಂದ ಹೊಲಿದು ಕೊಡುತ್ತಿದ್ದ. ಅತ್ತಿಗೆ ತೊಟ್ಟುಕೊಂಡರೆ ಬಲಗಡೆ ಬಟ್ಟೆ ಟೊಳ್ಳಾಗಿ ಸುಕ್ಕುಗಟ್ಟಿ ನಿಲ್ಲುತ್ತಿತ್ತು. ಕೊರಳು ಎಡಕ್ಕೆ ಜಗ್ಗುತ್ತಿತ್ತು. ಬಲದೋಳು ಸ್ವಲ್ಪ ಊದಿಕೊಂಡಿದ್ದರಿಂದ ಅಲ್ಲಿ ಬಟ್ಟೆ ಕಚ್ಚಿ ಹಿಡಿಯುತ್ತಿತ್ತು. ಕಂಕುಳಿನ ಗ್ರಂಥಿಗಳನ್ನು ತೆಗೆದ ಮೇಲೆ ಆ ಕೈ ಊದಿಕೊಳ್ಳುವ ಸಂಭವವುಂಟೆಂದೂ ಬಿಗಿಯಾದ ತೋಳು ತೊಡಬಾರದೆಂದೂ ವೈದ್ಯರು ಮೊದಲೇ ಎಚ್ಚರಿಸಿದ್ದರು. ಅತ್ತಿಗೆ ಸೆರಗನ್ನು ಬಲಭುಜದ ಮೇಲೂ ಎಳೆದು ಹೊದ್ದುಕೊಳ್ಳತೊಡಗಿದರು. ಬರಬರುತ್ತ ನಾಮಕರಣ, ಗೃಹಪ್ರವೇಶಗಳಿಗೆಲ್ಲ ಮೊಣಕಾಲು ನೋವೆಂಬ ನೆಪ ಹುಟ್ಟಿಕೊಂಡಿತು. ದರ್ಜಿಯ ಟೇಪಿನ ಮುಂದೆ ನಿಂತು ಹೊಸದಾಗಿ ಅಳತೆ ಕೊಡಿ ಎಂದರೆ ತಲೆಯಾಡಿಸಿ ಅಡುಗೆಮನೆಗೆ ಹೋಗಿಬಿಡುತ್ತಿದ್ದರು.

2021ರ ದಸರೆ ಕಳೆದ ಮೇಲೆ ಅವರ ಮಗಳ ಮದುವೆ ನಿಶ್ಚಯವಾಯಿತು. ಮುಂದಿನ ಮೇ ತಿಂಗಳಲ್ಲಿ ಲಗ್ನ.

“ಧಾರೆಗೆ ಕೂರಬೇಕಾದವರು ನೀವು ಅತ್ತಿಗೆ. ಒಂದು ಒಳ್ಳೆಯ ರವಿಕೆ ಬೇಡವೇ?” ಎಂದೆ.

“ಶಾಲು ಹೊದ್ದು ಕೂತರಾಯಿತು ಬಿಡು ಪುಟ್ಟಿ. ನನ್ನನ್ನು ನೋಡೋದಕ್ಕೆ ಬರ್ತಾರೆಯೇ ಜನ?” ಎಂದರು.

ವೈಶಾಖದ ಬಿಸಿಲಿನಲ್ಲಿ, ಹೋಮದ ಹೊಗೆಯ ಪಕ್ಕದಲ್ಲಿ, ರೇಷ್ಮೆ ಸೀರೆಯ ಮೇಲೆ ಶಾಲು! ಆ ವಾರವೇ ನಾನು ಹೊಲಿಗೆಯ ತರಗತಿಯೊಂದಕ್ಕೆ ಸೇರಿಕೊಂಡೆ.

ಯಂತ್ರ ತುಳಿಯುವುದು ನನಗೆ ಹೊಸದಲ್ಲ. ಸೀರೆಗೆ ಫಾಲ್ಸ್ ಹಚ್ಚುವುದು, ದಿಂಬಿನ ಗವಸು ಹೊಲಿಯುವುದು ಮೊದಲಿನಿಂದಲೂ ಬರುತ್ತಿತ್ತು. ನನಗೆ ಬೇಕಾದದ್ದು ಕತ್ತರಿಸುವ ವಿದ್ಯೆ. ಮಹಿಳಾ ಪಾಲಿಟೆಕ್ನಿಕ್ಕಿನಲ್ಲಿ ಉಡುಪು ವಿನ್ಯಾಸ ಕಲಿಸಿ ನಿವೃತ್ತರಾದ ಶಿಕ್ಷಕಿಯೊಬ್ಬರು ನಮ್ಮ ಬಡಾವಣೆಯಲ್ಲಿ ತಮ್ಮ ಮನೆಯ ಹಜಾರದಲ್ಲಿಯೇ ಏಳೆಂಟು ಮಂದಿಗೆ ಪಾಠ ಹೇಳುತ್ತಿದ್ದರು. ಮೊದಲ ದಿನ ಬಟ್ಟೆಯೂ ಇಲ್ಲ, ಕತ್ತರಿಯೂ ಇಲ್ಲ. ಪುಸ್ತಕಗಳಿಗೆ ಹೊದಿಸುವ ಕಂದು ಕಾಗದ, ಉದ್ದನೆಯ ಸ್ಕೇಲು, ಮೂಲೆಮಟ್ಟ, ಪೆನ್ಸಿಲು, ರಬ್ಬರು, ಟೇಪು, ಇಷ್ಟೇ ಸಾಮಗ್ರಿ. “ಮೂರು ವಾರ ಸೂಜಿಯನ್ನು ಮುಟ್ಟುವ ಹಾಗಿಲ್ಲ. ಮೊದಲು ಬ್ಲಾಕ್ ಬರೆಯುವುದನ್ನು ಕಲಿಯಿರಿ” ಎಂದರು ಮೇಡಂ.

ಬ್ಲಾಕ್ ಎಂದರೆ ಮೈಯ ಪಡಿಯಚ್ಚು. ಅಮೆರಿಕದವರು ಇದನ್ನೇ ಸ್ಲೋಪರ್ ಎನ್ನುತ್ತಾರೆ. ಅದು ರವಿಕೆಯಲ್ಲ, ಕುರ್ತಾ ಅಲ್ಲ, ಫ್ರಾಕೂ ಅಲ್ಲ. ಅದರಲ್ಲಿ ಕೊರಳಿನ ಶೃಂಗಾರವಿಲ್ಲ, ಜೇಬಿಲ್ಲ, ಗುಂಡಿಯಿಲ್ಲ. ಹೊಲಿಗೆಗೆಂದು ಬಿಡುವ ಅಂಚು ಕೂಡ ಸಾಮಾನ್ಯವಾಗಿ ಇರುವುದಿಲ್ಲ. ಮುಂಭಾಗ, ಬೆನ್ನು, ತೋಳು ಇವುಗಳಿಗೆ ಒಂದೊಂದು ತುಂಡು. ಸೊಂಟದ ಕೆಳಗಿನ ಉಡುಪು ಬೇಕಾದವರಿಗೆ ಲಂಗ ಷರಾಯಿಗಳದು ಬೇರೆ. ಇದನ್ನು ದಪ್ಪ ಕಾಗದದ ಮೇಲೆ ಒಮ್ಮೆ ಸರಿಯಾಗಿ ಬರೆದಿಟ್ಟುಕೊಂಡರೆ, ಆಮೇಲೆ ಯಾವ ಉಡುಪು ಬೇಕಾದರೂ ಇದನ್ನು ಬೇರೊಂದು ಕಾಗದದ ಮೇಲಿಟ್ಟು ಗೆರೆ ತೆಗೆದು, ಅಲ್ಲಿ ಕೊರಳು ಇಳಿಸಿ, ಇಲ್ಲಿ ಉದ್ದ ಮಾಡಿ, ಹೊಸ ನಮೂನೆ ಸಿದ್ಧಪಡಿಸಬಹುದು. ಬ್ಲಾಕಿಗೆ ಮಾತ್ರ ಕತ್ತರಿ ತಾಗಿಸಕೂಡದು. ಒಂದೇ ಹುಳಿ ಹಿಟ್ಟಿನಿಂದ ದೋಸೆ, ಪಡ್ಡು, ಉತ್ತಪ್ಪ ಮೂರನ್ನೂ ಮಾಡುವ ಗೃಹಿಣಿಗೆ ಈ ತತ್ತ್ವವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಕಲಿಕೆಗೆಂದು ಮೇಡಂ ಕೊಟ್ಟದ್ದು 88 ಸೆಂಟಿಮೀಟರ್ ಎದೆಸುತ್ತಳತೆಯ ಲೆಕ್ಕ. ಅದರ ಅರ್ಧ 44. ಅದಕ್ಕೆ 5 ಕೂಡಿಸಿದರೆ 49. ಅಷ್ಟು ಅಗಲದ ಆಯತವನ್ನು ಕಾಗದದ ಮೇಲೆ ಬರೆಯಬೇಕು. ಎಡದಂಚು ಬೆನ್ನಿನ ನಡುಗೆರೆ, ಬಲದಂಚು ಎದೆಯ ನಡುಗೆರೆ. ಕತ್ತಿನ ಹಿಂದಿನ ಮೂಳೆಯಿಂದ ಸೊಂಟದವರೆಗಿನ ಉದ್ದ 41. ಆ ಚೌಕಟ್ಟಿನೊಳಗೆ ಕೊರಳಿನ ಬಾಗು, ಭುಜದ ಇಳಿಜಾರು, ಕಂಕುಳಿನ ಸುತ್ತು, ಒಂದೊಂದನ್ನೂ ಗುರುತಿಸುತ್ತ ಹೋಗಬೇಕು. ಮೊದಮೊದಲು ಮನೆ ಕಟ್ಟುವವರ ನಕ್ಷೆಯಂತೆ ಕಾಣುವ ಈ ಗೆರೆಗಳು ಕೊನೆಯಲ್ಲಿ ಕಂಕುಳಿನ ಬಾಗನ್ನು ಬರೆದೊಡನೆ ಮನುಷ್ಯಾಕೃತಿಯನ್ನು ತಾಳುತ್ತವೆ. ನಲವತ್ತೆಂಟನೆಯ ವಯಸ್ಸಿನಲ್ಲಿ ಮತ್ತೆ ಮೂಲೆಮಟ್ಟ ಹಿಡಿದು ಕುಳಿತ ನನಗೆ ಆ ಗಳಿಗೆ ಬಹಳ ಸಂತೋಷವನ್ನುಂಟುಮಾಡಿತು.

ಅರ್ಧಕ್ಕೆ ಕೂಡಿಸಿದ 5 ಸೆಂಟಿಮೀಟರ್ ಏತಕ್ಕೆಂಬ ಪ್ರಶ್ನೆ ಬಂದಿತು. ಅದು ಸಡಿಲ. ಅರ್ಧಕ್ಕೆ 5 ಎಂದರೆ ಸುತ್ತ 10. ಮೈಯಳತೆಯಷ್ಟೇ ಬಟ್ಟೆಯನ್ನು ಹೊಲಿದು ತೊಡಿಸಿದರೆ ಉಸಿರು ಎಳೆದುಕೊಳ್ಳುವಂತಿಲ್ಲ, ಕೈಯೆತ್ತುವಂತಿಲ್ಲ, ಕುಳಿತುಕೊಳ್ಳುವಂತಿಲ್ಲ. ಉಡುಪಿನಲ್ಲಿ ಮೈಗಿಷ್ಟು, ಉಸಿರಿಗಿಷ್ಟು ಎಂದು ಪಾಲಿಡಲೇಬೇಕು. ಸೀರೆಯ ರವಿಕೆ ಮೈಗಂಟಿ ನಿಲ್ಲಬೇಕಾದುದರಿಂದ ಈ ಪಾಲನ್ನು ಬಹಳ ಕಡಮೆ ಮಾಡುತ್ತಾರೆ. ಹಾಗೆ ಕಡಮೆ ಮಾಡಿದಷ್ಟೂ ಉಳಿದ ಅಳತೆಗಳು ಕರಾರುವಾಕ್ಕಾಗಿರಬೇಕು. ಸಣ್ಣ ಉಡುಪೆಂದು ತೋರುವ ರವಿಕೆ ಹೊಲಿಗೆಯಲ್ಲಿ ಬಹು ಕಠಿಣವಾದುದೆಂದು ದರ್ಜಿಗಳು ಹೇಳುವುದು ಇದರಿಂದಲೇ.

ಎರಡನೆಯ ವಾರದ ಪಾಠ ಡಾರ್ಟಿನದು. ನಮ್ಮ ದರ್ಜಿಗಳ ಬಾಯಲ್ಲಿ ಟಕ್ಸು. ಬಟ್ಟೆ ಚಪ್ಪಟೆ, ಮೈ ಚಪ್ಪಟೆಯಲ್ಲ. ಉಬ್ಬಿನ ಮೇಲೆ ಬಟ್ಟೆಯನ್ನು ಕೂರಿಸಬೇಕಾದರೆ ಸುತ್ತ ಹೆಚ್ಚಾದುದನ್ನು ಎಲ್ಲಾದರೂ ಮಡಿಸಿ ಹಿಡಿಯಲೇಬೇಕು. ಉತ್ತರ ಕರ್ನಾಟಕದ ಹೆಂಗಸರು ಗುಳೇದಗುಡ್ಡದ ಖಣದಿಂದ ಹೊಲಿಸಿ ತೊಡುತ್ತಿದ್ದ ಕುಪ್ಪಸದಲ್ಲಿ ಮುಂದೆ ಕಟ್ಟುವ ಗಂಟೇ ಹೆಚ್ಚುಕಡಮೆಯನ್ನು ಸರಿದೂಗಿಸುತ್ತಿತ್ತು. ಕೊಕ್ಕೆ ಹಾಕುವ ರವಿಕೆಗೆ ಆ ಅನುಕೂಲವಿಲ್ಲ. ಅಲ್ಲಿ ಕೆಲಸವನ್ನೆಲ್ಲ ಡಾರ್ಟೇ ಮಾಡಬೇಕು.

ಇದನ್ನು ತಿಳಿಯಲು ಮೇಡಂ ಒಂದು ಆಟ ಹೇಳಿಕೊಟ್ಟರು. ವಾಚಕರೂ ಮನೆಯಲ್ಲಿ ಮಾಡಿ ನೋಡಬಹುದು. ಹಳೆಯ ಮದುವೆಯ ಆಮಂತ್ರಣದ ದಪ್ಪ ಕಾಗದದಿಂದ ಮುಂಭಾಗದ ಚಿಕ್ಕ ಪಡಿಯಚ್ಚೊಂದನ್ನು ಕತ್ತರಿಸಿಕೊಳ್ಳಿ. ಭುಜದ ಗೆರೆಯಿಂದ ಎದೆಯ ತುದಿಯವರೆಗೆ ಇಳಿಯುವ ತ್ರಿಕೋನವನ್ನು ಕತ್ತರಿಸಿ ತೆಗೆದು, ಆ ಎರಡು ಅಂಚುಗಳನ್ನು ಸೇರಿಸಿ ಅಂಟಿಸಿ. ಮೇಜಿನ ಮೇಲಿದ್ದ ಕಾಗದ ಗುಡಾರದಂತೆ ಎದ್ದು ನಿಲ್ಲುತ್ತದೆ. ಈಗ ಸೊಂಟದ ಕಡೆಯಿಂದ ಅದೇ ತುದಿಯವರೆಗೆ ಒಂದು ಗೆರೆ ಕತ್ತರಿಸಿ. ಗುಡಾರ ಕುಸಿದು ಕಾಗದ ಮತ್ತೆ ಚಪ್ಪಟೆಯಾಗುತ್ತದೆ. ಭುಜದಲ್ಲಿ ಮುಚ್ಚಿದ ತ್ರಿಕೋನ ಸೊಂಟದಲ್ಲಿ ತೆರೆದುಕೊಳ್ಳುತ್ತದೆ. ಪಕ್ಕದಿಂದ ಕತ್ತರಿಸಿದರೆ ಪಕ್ಕದಲ್ಲಿ, ಕಂಕುಳಿನಿಂದ ಕತ್ತರಿಸಿದರೆ ಕಂಕುಳಲ್ಲಿ. ತ್ರಿಕೋನದ ಉದ್ದ, ಬಾಯಿಯ ಅಗಲ ಬದಲಾಗಬಹುದು. ತುದಿಯಲ್ಲಿರುವ ಕೋನ ಮಾತ್ರ ಅಷ್ಟೇ ಇರುತ್ತದೆ. ಅಂಗಡಿಗಳ ಗಾಜಿನ ಹಿಂದೆ ಕಾಣುವ ಕಟೋರಿ, ಪ್ರಿನ್ಸೆಸ್ ಕಟ್ ಮೊದಲಾದ ನಾನಾ ಬಗೆಯ ರವಿಕೆಗಳೆಲ್ಲ ಈ ಒಂದೇ ಕೋನವನ್ನು ಬೇರೆ ಬೇರೆ ಕಡೆಗೆ ಸಾಗಿಸಿದ ಉಪಾಯಗಳು. ಕೋನದ ಅಳತೆಯನ್ನು ನಿರ್ಧರಿಸುವುದು ತೊಡುವವಳ ಮೈ.

ಆ ದಿನ ಮನೆಗೆ ಬರುವಾಗ ಅತ್ತಿಗೆಯವರ ರವಿಕೆಯ ರಹಸ್ಯ ನನಗೆ ಅರ್ಥವಾಗಿತ್ತು. ಬಲಗಡೆಯ ಡಾರ್ಟು ಅಲ್ಲಿಲ್ಲದ ಉಬ್ಬಿಗಾಗಿ ಬಟ್ಟೆಯನ್ನು ಎತ್ತಿ ಹಿಡಿಯುತ್ತಿತ್ತು. ಟೊಳ್ಳು, ಸುಕ್ಕು, ಕೊರಳಿನ ಜಗ್ಗಾಟ, ಎಲ್ಲವೂ ಅದರಿಂದ ಹುಟ್ಟಿದವು.

ಆದರೆ ಅಷ್ಟರಿಂದ ಸಮಸ್ಯೆ ಬಗೆಹರಿಯಲಿಲ್ಲ. ಏಕೆಂದರೆ ಬ್ಲಾಕನ್ನು ಬರೆಯುವುದು ಅರ್ಧ ಮೈಗೆ ಮಾತ್ರ. ಬಟ್ಟೆಯನ್ನು ಎರಡು ಮಡಿಕೆ ಮಾಡಿ, ಅರ್ಧ ನಮೂನೆಯನ್ನು ಅದರ ಮೇಲಿಟ್ಟು ಕತ್ತರಿಸಿದರೆ ಇನ್ನೊಂದರ್ಧ ತಾನಾಗಿ ಬರುತ್ತದೆ. ಎಡವಿದ್ದಂತೆ ಬಲವೆಂಬುದು ಈ ಶಾಸ್ತ್ರದ ಮೊದಲ ಮಾತು. ನಾನು ಅತ್ತಿಗೆಯವರ ಸಂಗತಿಯನ್ನು ಮೇಡಂ ಮುಂದೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಡವಿದ್ದಂತೆ ಬಲ ಯಾರಿಗೂ ಇರುವುದಿಲ್ಲಮ್ಮ. ಒಂದು ಭುಜ ಸ್ವಲ್ಪ ಇಳಿದಿರುತ್ತದೆ, ಒಂದು ತೋಳು ಸ್ವಲ್ಪ ದಪ್ಪವಿರುತ್ತದೆ. ವ್ಯತ್ಯಾಸ ಚಿಕ್ಕದಾದರೆ ಬಟ್ಟೆ ಅದನ್ನು ಮುಚ್ಚಿಕೊಂಡು ಹೋಗುತ್ತದೆ. ನಿಮ್ಮ ಅತ್ತಿಗೆಗೆ ಇಡೀ ಮೈಯ ಬ್ಲಾಕ್ ಬರೆಯಿರಿ. ಕಾಗದ ಎರಡರಷ್ಟು ಬೇಕು, ಅಷ್ಟೇ” ಎಂದರು. ಅಷ್ಟೇ ಎಂಬ ಆ ಮಾತಿನಿಂದ ನನ್ನ ಮನಸ್ಸಿಗೆ ಎಷ್ಟು ಧೈರ್ಯ ಬಂದಿತೆಂಬುದನ್ನು ಹೇಳಲಾರೆ.

ಮನುಷ್ಯರನ್ನು ಅಳೆಯುವ ಪದ್ಧತಿಗೂ ಒಂದು ಚರಿತ್ರೆಯುಂಟು. ಸ್ಪೇನ್ ದೇಶದ ದರ್ಜಿ ಹ್ವಾನ್ ದೆ ಅಲ್ಸೆಗಾ 1580ರಲ್ಲಿಯೇ ಉಡುಪಿನ ತುಂಡುಗಳನ್ನು ಬಟ್ಟೆಯ ಮೇಲೆ ಹೇಗೆ ಹರಡಬೇಕೆಂಬುದನ್ನು ಚಿತ್ರಸಮೇತ ಅಚ್ಚು ಹಾಕಿಸಿದ. ಫ್ರಾನ್ಸಿನ ಗಾರ್ಸೊ 1769ರಲ್ಲಿ ದರ್ಜಿಯ ಕಸಬನ್ನು ಕುರಿತು ಬರೆದ ಗ್ರಂಥದಲ್ಲಿ ಅಂದಿನ ಅಳತೆಯ ಕ್ರಮವನ್ನು ನೋಡಬಹುದು. ಅಂಕಿ ಬರೆದ ಟೇಪಿಲ್ಲ. ಗಿರಾಕಿಗೊಂದರಂತೆ ಉದ್ದನೆಯ ಕಾಗದದ ಪಟ್ಟಿ. ಭುಜಕ್ಕೆ ಇಲ್ಲಿಗೆ, ಸೊಂಟಕ್ಕೆ ಇಲ್ಲಿಗೆ ಎಂದು ಅದರಲ್ಲಿ ಕಚ್ಚು ಹಾಕುತ್ತಿದ್ದರು. ಆ ಪಟ್ಟಿ ಆ ಒಬ್ಬ ಮನುಷ್ಯನಿಗೆ ಮಾತ್ರ ಸಲ್ಲುತ್ತಿತ್ತು. 1863ರಲ್ಲಿ ಅಮೆರಿಕದ ಎಬೆನೀಜರ್ ಬಟರಿಕ್ ಎಂಬ ದರ್ಜಿ ಬೇರೆ ಬೇರೆ ಅಳತೆಗಳ ಕಾಗದದ ನಮೂನೆಗಳನ್ನು ಮಾರತೊಡಗಿದ ಮೇಲೆ ಮನೆಯಲ್ಲಿ ಹೊಲಿಯುವ ಹೆಂಗಸರಿಗೆ ಮಹೋಪಕಾರವಾಯಿತು. ಅದರೊಂದಿಗೆ, ಮೈಯನ್ನು ನೋಡಿ ಅಂಕಿ ಬರೆಯುವುದರ ಬದಲು ಅಂಕಿಯನ್ನು ನೋಡಿ ಮೈ ಯಾವ ಗುಂಪಿನದೆಂದು ಹೇಳುವ ಕಾಲವೂ ಬಂದಿತು. 1939–40ರಲ್ಲಿ ಅಮೆರಿಕದ ಸರ್ಕಾರ ಸುಮಾರು 15,000 ಹೆಂಗಸರ ಅಳತೆ ತೆಗೆಸಿತು. ನಮ್ಮ ದೇಶದಲ್ಲಿಯೂ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರೂ ಸೇರಿದಂತೆ 6 ನಗರಗಳಲ್ಲಿ 25,000ಕ್ಕೂ ಹೆಚ್ಚು ಮಂದಿಯನ್ನು ಅಳೆಯುವ ಕಾರ್ಯವನ್ನು ಕೈಗೊಂಡಿತು. ಯಂತ್ರವೇ ಮೈಯ ಸುತ್ತ ಕಣ್ಣಾಡಿಸಿ ಅಳತೆ ಹೇಳುವ ಏರ್ಪಾಡು. ವಿದೇಶದ ಕೋಷ್ಟಕಗಳನ್ನು ನಂಬಿ ಹೊಲಿದ ಸಿದ್ಧ ಉಡುಪುಗಳು ನಮ್ಮವರ ಮೈಗೆ ಒಗ್ಗದಿರುವುದನ್ನು ಬಲ್ಲವರೆಲ್ಲ ಇಂಥ ಪ್ರಯತ್ನವನ್ನು ಮೆಚ್ಚಬೇಕು. ಆದರೆ ಎಷ್ಟು ಸಾವಿರ ಮಂದಿಯನ್ನು ಅಳೆದರೂ ಕೋಷ್ಟಕದಿಂದ ಬರುವುದು ಸರಾಸರಿ. ನಮ್ಮ ಅತ್ತಿಗೆಯವರಿಗೆ ಬೇಕಾದದ್ದು ಗಾರ್ಸೊ ಹೇಳಿದ ಆ ಕಾಗದದ ಪಟ್ಟಿ.

ಒಂದು ಭಾನುವಾರ ಮಧ್ಯಾಹ್ನ, ಗಂಡಸರೆಲ್ಲ ಛತ್ರ ನೋಡಲು ಹೋದ ಹೊತ್ತಿನಲ್ಲಿ, ಟೇಪು ಕಾಗದಗಳೊಡನೆ ಅವರ ಕೋಣೆಗೆ ಹೋದೆ. ಮಗಳ ಮದುವೆಯ ಹೆಸರಿನಲ್ಲಿ ಅವರು ಒಪ್ಪಿಕೊಂಡಿದ್ದರು. ಬಾಗಿಲ ಚಿಲಕ ಹಾಕಿ, ಕಿಟಕಿಯ ಪರದೆ ಎಳೆದು, ನನ್ನ ಕಡೆಗೆ ಬೆನ್ನು ಮಾಡಿ ನಿಂತರು. ನಾನು ಬೆನ್ನಿನಿಂದಲೇ ಆರಂಭಿಸಿದೆ. ಕತ್ತಿನ ಮೂಳೆಯಿಂದ ಸೊಂಟ 39. ಬೆನ್ನಿನ ಅಗಲ 34. ಒಂದೊಂದು ಅಂಕಿಯನ್ನೂ ಮೇಡಂ ಹೇಳಿಕೊಟ್ಟಂತೆ ಮೆಲ್ಲಗೆ ಹೇಳಿ ಬರೆದುಕೊಂಡೆ. ಈ ಅಂಕಿಗಳನ್ನು ಇಲ್ಲಿ ಬರೆಯುವುದಕ್ಕೂ ಅವರ ಒಪ್ಪಿಗೆಯುಂಟು.

ಮುಂಭಾಗಕ್ಕೆ ಬಂದಾಗ ಅವರು ತಾವಾಗಿಯೇ ತಿರುಗಿ ನಿಂತರು. ಭುಜದಿಂದ ಎದೆಯ ಮೇಲೆ ಹಾಯ್ದು ಸೊಂಟದವರೆಗೆ ಎಡಕ್ಕೆ 42. ಬಲಕ್ಕೆ 38 ವರೆ. ಮಧ್ಯದಲ್ಲಿರುವ ಮೂರೂವರೆ ಸೆಂಟಿಮೀಟರ್ ಬಟ್ಟೆಗೆ ಬಲಗಡೆ ಕೆಲಸವಿಲ್ಲ. ಕೆಲಸವಿಲ್ಲದ ಬಟ್ಟೆ ಸುಕ್ಕಾಗಿ ನಿಲ್ಲುತ್ತದೆಂದು ವಿವರಿಸಿದೆ.

“ಹಾಗಾದರೆ ಸುಕ್ಕು ಬಂದದ್ದು ಬಟ್ಟೆ ಹೆಚ್ಚಾಗಿ?” ಎಂದು ಕೇಳಿದರು.

“ಹೌದು ಅತ್ತಿಗೆ. ಮೂರೂವರೆ ಸೆಂಟಿಮೀಟರ್.”

“ನಾನು ಮೈಯೇ ಕೆಟ್ಟುಹೋಗಿದೆ ಅಂದುಕೊಂಡಿದ್ದೆ” ಎಂದರು.

ಅಳತೆ ಮುಗಿದ ಮೇಲೆ ಮೇಡಂ ತಪ್ಪದೆ ಕೇಳಬೇಕೆಂದು ಹೇಳಿದ್ದ ಪ್ರಶ್ನೆಯನ್ನು ಕೇಳಿದೆ. ಆ ಜಾಗಕ್ಕೆ ಒಳಗೆ ಮೆತ್ತೆಯಿಟ್ಟು ಎರಡೂ ಕಡೆ ಸಮನಾಗಿ ಕಾಣುವಂತೆ ಹೊಲಿಯಬೇಕೋ, ಇದ್ದದ್ದು ಇದ್ದಂತೆಯೇ ಕೂರುವ ಹಾಗೆ ಹೊಲಿಯಬೇಕೋ? ಅತ್ತಿಗೆ ಮಂಚದ ಮೇಲೆ ಕುಳಿತುಕೊಂಡರು. “ಇದನ್ನು ಯಾರೂ ನನ್ನನ್ನು ಕೇಳಿರಲಿಲ್ಲ ನೋಡು. ಅದನ್ನು ಹಾಕಿಕೊಳ್ಳಿ ಅಂತಾರೆ, ಇದನ್ನು ಹಾಕಿಕೊಳ್ಳಿ ಅಂತಾರೆ” ಎಂದು ಸ್ವಲ್ಪ ಹೊತ್ತು ಯೋಚಿಸಿದರು. ಆಸ್ಪತ್ರೆಯವರ ಸಲಹೆಯಂತೆ ತಂದ ಸಿಲಿಕೋನಿನ ಮೆತ್ತೆ ಬೀರುವಿನಲ್ಲಿಯೇ ಇದ್ದಿತು; ಅದು ಭಾರ, ಬೇಸಗೆಯಲ್ಲಿ ಬೆವರು. ಕೊನೆಗೆ, “ಮನೆಯಲ್ಲಿ ನನಗೆ ಏನೂ ಬೇಡ. ಹೊರಗೆ ಹೋಗುವಾಗ ಹಗುರವಾದ್ದು ಇರಲಿ” ಎಂದರು. ಹಾಗಾಗಿ ಬಲಭಾಗಕ್ಕೆ ಎರಡು ಬ್ಲಾಕುಗಳು ಬೇಕಾದವು.

ಕಂದು ಕಾಗದದ ಮೇಲೆ ಇಡೀ ಮುಂಭಾಗವನ್ನು ಬರೆದೆ. ಎಡಕ್ಕೆ ಡಾರ್ಟು ಇದ್ದಂತೆಯೇ ಇದ್ದಿತು. ‘ಮನೆ’ಯ ಬ್ಲಾಕಿನ ಬಲಕ್ಕೆ ಡಾರ್ಟನ್ನು ಪೂರ್ತಿಯಾಗಿ ಮುಚ್ಚಿ, ಕಾಗದವನ್ನು ಕತ್ತರಿಸಿ, ಒಂದರ ಮೇಲೊಂದು ಸರಿಸಿ, ಹೆಚ್ಚಾದ ಉದ್ದವನ್ನೂ ಅಗಲವನ್ನೂ ತೆಗೆದುಹಾಕಿದೆ. ‘ಹೊರಗೆ’ಯ ಬ್ಲಾಕಿನಲ್ಲಿ ಬಲಕ್ಕೂ ಡಾರ್ಟು ಉಳಿಯಿತು; ಒಳಗಡೆ ಮೆತ್ತನೆಯ ಹತ್ತಿಬಟ್ಟೆಯ ಚೀಲವೊಂದನ್ನು ಹೊಲಿದು, ಅದರಲ್ಲಿ ಹಗುರವಾದ ಮೆತ್ತೆ ಕೂರುವಂತೆ ಮಾಡಬೇಕು. ಗಾಯದ ಗುರುತು ಕಾಣದಂತೆ ಕೊರಳನ್ನೂ ಕಂಕುಳನ್ನೂ ಕೊಂಚ ಮೇಲಕ್ಕೆ ತಂದದ್ದು ಎರಡಕ್ಕೂ ಸಾಮಾನ್ಯ.

ತೋಳಿನದು ಬೇರೆ ಲೆಕ್ಕ. ತೋಳಿನ ಮೇಲ್ಭಾಗದಲ್ಲಿ ಗುಮ್ಮಟದಂಥ ಬಾಗೊಂದಿರುತ್ತದೆ. ಅದರ ಉದ್ದ ಕಂಕುಳಿನ ಸುತ್ತಿಗೆ ಹೊಂದಬೇಕು. ಬಲದೋಳು ದಪ್ಪವಿದೆಯೆಂದು ಬಾಗನ್ನೇ ದೊಡ್ಡದು ಮಾಡಿದರೆ ಅದು ಕಂಕುಳಿಗೆ ಸೇರದೆ ನೆರಿಗೆಯಾಗುತ್ತದೆ. ಅದಕ್ಕೆ ತೋಳಿನ ಕಾಗದವನ್ನು ಉದ್ದಕ್ಕೂ ಅಡ್ಡಕ್ಕೂ ಕತ್ತರಿಸಿ, ಬಾಗಿನ ಉದ್ದ ಬೆಳೆಯದಂತೆ ನೋಡಿಕೊಂಡು, ನಡುಭಾಗವನ್ನು ಮಾತ್ರ 3 ಸೆಂಟಿಮೀಟರ್ ತೆರೆಯಬೇಕು. ಗುಮ್ಮಟ ಕೊಂಚ ತಗ್ಗುತ್ತದೆ, ತೋಳು ಅಗಲವಾಗುತ್ತದೆ, ಕೈಯೆತ್ತುವುದೂ ಸುಲಭವಾಗುತ್ತದೆ.

ಬ್ಲಾಕನ್ನು ಬರೆದೊಡನೆ ರೇಷ್ಮೆಗೆ ಕೈಹಾಕುವ ಪದ್ಧತಿಯಿಲ್ಲ. ಅಗ್ಗದ ಕೋರಾ ಬಟ್ಟೆಯಲ್ಲಿ ದೊಡ್ಡ ದೊಡ್ಡ ಹೊಲಿಗೆ ಹಾಕಿ ತೊಡಿಸಿ ನೋಡಬೇಕು. ತೊಟ್ಟಾಗ ಬಟ್ಟೆಯೇ ಮಾತನಾಡುತ್ತದೆ. ಅಡ್ಡ ಸುಕ್ಕು ಬಿದ್ದರೆ ಅಲ್ಲಿ ಬಿಗಿ ಅಥವಾ ಉದ್ದ ಹೆಚ್ಚು. ಓರೆಯಾಗಿ ಎಳೆದ ಸುಕ್ಕು ಯಾವ ಕಡೆಗೆ ಬೊಟ್ಟು ಮಾಡುತ್ತದೆಯೋ ಅಲ್ಲಿ ಬಟ್ಟೆ ಸಾಲದು. ಗುಂಡುಸೂಜಿಯಿಂದ ಹಿಡಿದು, ಬಿಚ್ಚಿ, ಆ ತಿದ್ದುಪಡಿಯನ್ನು ಕಾಗದಕ್ಕೆ ಸೇರಿಸಬೇಕು. ಮೂರು ಬಾರಿ ಹೀಗೆ ತೊಡಿಸಿ ನೋಡಿದೆವು. ಮೂರನೆಯ ಬಾರಿಗೆ ಅತ್ತಿಗೆ ಬಾಗಿಲ ಚಿಲಕ ಹಾಕುವುದನ್ನು ಮರೆತಿದ್ದರು. ಕನ್ನಡಿಯ ಮುಂದೆ ನಿಂತು, “ಇಲ್ಲಿ ಇನ್ನೂ ಸ್ವಲ್ಪ ಜಗ್ಗುತ್ತೆ ಕಣೇ” ಎಂದು ತಾವೇ ಬೆರಳಿಟ್ಟು ತೋರಿಸಿದರು. ತಿದ್ದಿದ ಕಾಗದಗಳನ್ನು ದಪ್ಪ ರಟ್ಟಿನ ಮೇಲೆ ಇಳಿಸಿ ಕತ್ತರಿಸಿದಾಗ ಅವುಗಳ ಮೇಲೆ ‘ಮನೆ’, ‘ಹೊರಗೆ’ ಎಂದು ಬರೆದವರೂ ಅವರೇ. ತಾರೀಖನ್ನೂ ಹಾಕಬೇಕೆಂದೆ. ಮೈ ಬದಲಾದಾಗ ಬ್ಲಾಕೂ ಬದಲಾಗಬೇಕಲ್ಲವೇ?

2022ರ ಮೇ ತಿಂಗಳಲ್ಲಿ ಮದುವೆ ನಡೆಯಿತು. ಹಸಿರು ರೇಷ್ಮೆಯ ರವಿಕೆಯನ್ನು ನಾನೇ ಹೊಲಿದೆ. ಮೇಡಂ ಕೊಕ್ಕೆಗಳ ಸಾಲನ್ನು ಪರೀಕ್ಷಿಸಿ, ಒಂದು ಮಾತೂ ಆಡದೆ ಹಿಂದಿರುಗಿಸಿದರು. ಅವರ ಶಿಷ್ಯರಿಗೆ ಅದೇ ದೊಡ್ಡ ಬಹುಮಾನ. ಧಾರೆಯ ಹೊತ್ತಿಗೆ ಅತ್ತಿಗೆ ಅಣ್ಣನ ಪಕ್ಕದಲ್ಲಿ ನಿಂತು, ಬಲಗೈಯನ್ನು ಮುಂದಕ್ಕೆ ಚಾಚಿ, ತಂಬಿಗೆಯ ನೀರನ್ನು ಧಾರೆಯೆರೆದರು. ಸೆರಗು ಎಡಭುಜದ ಮೇಲೆ ತನ್ನ ಜಾಗದಲ್ಲಿಯೇ ಇದ್ದಿತು. ಬಂದವರಾರೂ ಅವರ ರವಿಕೆಯನ್ನು ಗಮನಿಸಲಿಲ್ಲ. ಸರಿಯಾಗಿ ಕುಳಿತ ರವಿಕೆಯ ಲಕ್ಷಣವೇ ಅದು.

ಬ್ಲಾಕ್ ಬರೆಯುವುದನ್ನು ಕಲಿಯಬೇಕೆಂಬ ಸೋದರಿಯರಿಗೆ ಒಂದು ಮಾತನ್ನು ಹೇಳಬಯಸುತ್ತೇನೆ. ಇದಕ್ಕೆ ಬೇಕಾದ ಗಣಿತ ಪ್ರೌಢಶಾಲೆಯದನ್ನು ಮೀರುವುದಿಲ್ಲ. ಇಂಗ್ಲಿಷ್ ಬಲ್ಲವರಿಗೆ ವಿನಿಫ್ರೆಡ್ ಆಲ್ಡ್ರಿಚ್ ಎಂಬಾಕೆ ಪ್ರಕಟಿಸಿದ ಪುಸ್ತಕವೇ ಮೊದಲಾಗಿ ಒಳ್ಳೆಯ ಕೈಪಿಡಿಗಳುಂಟು. ಕಷ್ಟವಿರುವುದು ಮೈಯನ್ನು ಇದ್ದಂತೆ ನೋಡುವುದರಲ್ಲಿ. ನಾವು ಕನ್ನಡಿಯ ಮುಂದೆ ನಿಂತಾಗ ಹೊಗಳಿಕೊಳ್ಳುತ್ತೇವೆ, ಇಲ್ಲವೇ ಹಳಿದುಕೊಳ್ಳುತ್ತೇವೆ. ಟೇಪಿಗೆ ಎರಡೂ ಬಾರದು. ಗೂನುಬೆನ್ನನ್ನೂ ಇಳಿದ ಭುಜವನ್ನೂ ಬೊಜ್ಜನ್ನೂ ಅದು ಒಂದೇ ಸಮನಾದ ದನಿಯಲ್ಲಿ ಹೇಳುತ್ತದೆ; ಹಾಗೆ ಹೇಳಿದ್ದರಿಂದಲೇ ಅದಕ್ಕೆ ತಕ್ಕ ಪರಿಹಾರವನ್ನು ಕಾಗದದ ಮೇಲೆ ಹುಡುಕುವುದು ಸಾಧ್ಯವಾಗುತ್ತದೆ. ನಮ್ಮ ಮನೆಯಲ್ಲಿ ಈಗ ಬಾಗಿಲ ಹಿಂದಿನ ಮೊಳೆಗೆ ಐದು ಜನರ ಬ್ಲಾಕುಗಳು ತೂಗುತ್ತಿವೆ. ಚಿಕ್ಕಮ್ಮನ ಬೆನ್ನು ವರ್ಷಕ್ಕಿಷ್ಟು ಬಾಗುತ್ತಿರುವುದರಿಂದ ಅವರದನ್ನು ಯುಗಾದಿಗೊಮ್ಮೆ ತಿದ್ದುತ್ತೇವೆ.

ಕಳೆದ ವರ್ಷ ಅತ್ತಿಗೆ ಎಂದಿನಂತೆ ತಪಾಸಣೆಗೆ ಹೋದಾಗ, ಸರದಿಗಾಗಿ ಕಾಯುತ್ತಿದ್ದ ಹೆಂಗಸೊಬ್ಬರನ್ನು ಮಾತನಾಡಿಸಿದರಂತೆ. ನಲವತ್ತರ ಆಸುಪಾಸಿನವರು, ಸೆರಗನ್ನು ಎರಡೂ ಭುಜಗಳ ಮೇಲೆ ಎಳೆದುಕೊಂಡು ಕುಳಿತಿದ್ದರಂತೆ. ಮುಂದಿನ ಭಾನುವಾರ ಆಕೆ ನಮ್ಮ ಮನೆಗೆ ಬಂದರು. ಅತ್ತಿಗೆ ಕಾಫಿ ಕೊಟ್ಟು, ಕೋಣೆಗೆ ಕರೆದುಕೊಂಡು ಹೋಗಿ, ಕಿಟಕಿಯ ಪರದೆ ಎಳೆದರು. “ಮೊದಲು ಬೆನ್ನು ತಿರುಗಿಸಿ ನಿಂತುಕೊಳ್ಳಿ. ಆಮೇಲೆ ನಿಮಗೆ ಯಾವಾಗ ಬೇಕೋ ಆಗ ತಿರುಗಿದರಾಯಿತು” ಎಂದರು. ಟೇಪು ಅವರ ಕೈಯಲ್ಲಿತ್ತು. ಅವರು ಮೆಲ್ಲಗೆ ಹೇಳುತ್ತ ಹೋದ ಅಂಕಿಗಳನ್ನು ನಾನು ಬರೆದುಕೊಳ್ಳುತ್ತ ಹೋದೆ.